ತಲೆಯ ಹೊಲಿಗೆ ಬಿಚ್ಚಿದ ಮೇಲೆ

ಅಡಿಕೆ ಮರ ಹತ್ತುವವರಿಗೆ ವರ್ಷದಲ್ಲಿ ಮತ್ತೆ ಮತ್ತೆ ಜೀವ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ. ಮುಂಗಾರು ಹಿಡಿಯುವ ಮೊದಲೊಮ್ಮೆ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ನಲವತ್ತು–ನಲವತ್ತೈದು ದಿನ ಕಳೆದ ಮೇಲೆ, ಮಳೆ ಸುರಿಯುತ್ತಿರುವಾಗಲೇ ಸಿಕ್ಕ ಹೊಳವಿನಲ್ಲಿ ಇನ್ನೊಮ್ಮೆ. ಆಮೇಲೆ ಕೊನೆ ತೆಗೆಯುವ ದಿನಗಳು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕೊಳೆರೋಗ ತಡೆಯುತ್ತದೆ ಎಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿಗೆ ತೋರಿಸಿಕೊಟ್ಟು ನೂರು ವರ್ಷ ದಾಟಿತು. ಆ ಔಷಧಿ ತೋಟಗಳನ್ನು ಉಳಿಸಿತು. ಅದನ್ನು ಹೊಡೆಯಲು ಮೇಲೆ ಹತ್ತಿದವರಲ್ಲಿ ಎಷ್ಟು ಜನ ಕೆಳಗೆ ಬಿದ್ದರು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತೆ ಕಾಣುವುದಿಲ್ಲ.

ಮುತ್ತಿನಕೊಪ್ಪ, ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆ ಯಾವ ಊರಿಗೆ ಹೋದರೂ ಮರದಿಂದ ಬಿದ್ದ ಒಬ್ಬರ ಕತೆ ಸಿಗುತ್ತದೆ. ಪಾಚಿ ಹಿಡಿದ ಮರದಲ್ಲಿ ಕಾಲಿನ ತಳೆ ಜಾರಿದರೆ ನಲವತ್ತು ಅಡಿ ಕೆಳಗಿನ ನೆಲಕ್ಕೆ ಬರಲು ಎರಡು ಸೆಕೆಂಡೂ ಬೇಡ. ಕಾಫಿ ತೋಟದಲ್ಲಿ ಮರಗಸಿ ಮಾಡುವವರು, ಏಣಿ ಹಾಕಿ ಮೆಣಸು ಕೊಯ್ಯುವವರು, ಹಂಚು ತಿರುವಲು ಮಾಡು ಹತ್ತಿದವರು ಬೀಳುವುದೂ ಹೀಗೆಯೇ. ರಾತ್ರಿ ತಿರುವಿನಲ್ಲಿ ಹಂದಿ ಅಡ್ಡ ಬಂದು ಬೈಕಿನಿಂದ ಎಸೆಯಲ್ಪಟ್ಟವರು ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ತಲೆಪೆಟ್ಟಿನ ಲೆಕ್ಕ ಹಿಡಿದ ಡಾ. ಜಿ. ಗುರುರಾಜ್ ಅವರ ಬರಹಗಳ ಪ್ರಕಾರ ನಮ್ಮ ದೇಶದ ತಲೆಪೆಟ್ಟುಗಳಲ್ಲಿ ಶೇ 60ರಷ್ಟು ರಸ್ತೆ ಅಪಘಾತದ್ದು, ಶೇ 20ರಿಂದ 25 ಬಿದ್ದು ಆದದ್ದು, ಶೇ 10ರಷ್ಟು ಹೊಡೆದಾಟದ್ದು. ಮಲೆನಾಡಿನ ತೋಟಗಳ ಲೆಕ್ಕವನ್ನೇ ಬೇರೆಯಾಗಿ ತೆಗೆದರೆ ಬೀಳುವವರ ಪಾಲು ಇನ್ನೂ ದೊಡ್ಡದಿರಬೇಕು ಎಂದು ನನ್ನ ಎಣಿಕೆ.

ತಲೆಪೆಟ್ಟಿನ ಸಾವನ್ನು ನಮ್ಮ ಚಿಕ್ಕಮಗಳೂರು ಜಿಲ್ಲೆ ಚೆನ್ನಾಗಿ ಬಲ್ಲದು. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಮಗ, 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕರು. ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ. ಮನೆಯವರು ಅವರ ಅಂಗಾಂಗ ದಾನ ಮಾಡಿದರು, ನಾಡೇ ಕಣ್ಣೀರಿಟ್ಟಿತು. ಹೀಗೆ ಹೋದವರ ಬಗ್ಗೆ ನಾವು ಬರೆಯುತ್ತೇವೆ, ಫಲಕ ಹಾಕುತ್ತೇವೆ, ಹೆಲ್ಮೆಟ್ ಜಾಥಾ ಮಾಡುತ್ತೇವೆ. ಬದುಕಿ ಮನೆಗೆ ಬಂದವರ ಬಗ್ಗೆ ಮಾತೇ ಇಲ್ಲ. ಬದುಕಿದರಲ್ಲ, ಅಷ್ಟೇ ಸಾಕು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆ ಮನೆಯವರ ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ.

ಮುತ್ತಿನಕೊಪ್ಪದ ಸುತ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮೂವತ್ತೈದರ ಆಸುಪಾಸಿನ ಗಂಡಸು ಮರದಿಂದ ಬಿದ್ದಿದ್ದಾನೆ. ಶಿವಮೊಗ್ಗಕ್ಕೆ, ಅಲ್ಲಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಒಯ್ದು ಉಳಿಸಿಕೊಂಡಿದ್ದಾರೆ. ಹೊಲಿಗೆ ಬಿಚ್ಚಿ, ಮಾತ್ರೆ ಚೀಟಿ ಕೊಟ್ಟು ಕಳಿಸಿದ್ದಾರೆ. ನಡೆಯುತ್ತಾನೆ, ಉಣ್ಣುತ್ತಾನೆ, ಗುರುತು ಹಿಡಿದು ಮಾತಾಡುತ್ತಾನೆ. ನೆಂಟರು ಕಿತ್ತಳೆ ಹಣ್ಣು ತಂದು ನೋಡಿ, "ದೇವರು ದೊಡ್ಡವನು ಮಾರಾಯ್ತಿ" ಎಂದು ಹೇಳಿ ಹೋಗುತ್ತಾರೆ. ಒಂದು ತಿಂಗಳಾಗುವಷ್ಟರಲ್ಲಿ ಹೆಂಡತಿಗೆ ಏನೋ ಸರಿ ಇಲ್ಲ ಅನಿಸತೊಡಗುತ್ತದೆ. ಮಕ್ಕಳು ಸ್ವಲ್ಪ ಗಲಾಟೆ ಮಾಡಿದರೆ ಕೈಗೆ ಸಿಕ್ಕ ಲೋಟ ಎಸೆಯುತ್ತಾನೆ. ಮರುಕ್ಷಣ ಏನೂ ಆಗದವನಂತೆ ಕಾಫಿ ಕೇಳುತ್ತಾನೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಮೊದಲು ಐದು ಗಂಟೆಗೆ ಏಳುತ್ತಿದ್ದವನು ಈಗ ಹತ್ತಾದರೂ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾನೆ. ಬಂದವರ ಮುಂದೆ ಆಡಬಾರದ ಮಾತು ಆಡುತ್ತಾನೆ. ದುಡ್ಡು ಕೈಗೆ ಬಂದರೆ ಸಂಜೆಯೊಳಗೆ ಖಾಲಿ. ಮನೆಗೆ ಬಂದ ಆಶಾ ಕಾರ್ಯಕರ್ತೆಯ ಹತ್ತಿರ ಅವಳು ಹೇಳುವುದು ಇಷ್ಟೇ: "ಅಕ್ಕಾ, ಇವ್ರು ಮೊದ್ಲು ಹಿಂಗಿರ್ಲಿಲ್ಲ."

ವೈದ್ಯಕೀಯವಾಗಿ ನೋಡಿದರೆ ಆ ಒಂದು ಮಾತಿನಲ್ಲಿ ರೋಗದ ಅರ್ಧ ವಿವರ ಇದೆ. ಕೇಳಿಸಿಕೊಳ್ಳುವವರು ಬೇಕು.

ಬದುಕಿರುವ ಮಿದುಳು ಎಳನೀರಿನ ಗಂಜಿಯಷ್ಟು ಮೆದು. ಒಂದೂಕಾಲು–ಒಂದೂವರೆ ಕೆ.ಜಿ. ತೂಗುವ ಅದು ಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ತಲೆ ನೆಲಕ್ಕೆ ಬಡಿದು ತಟ್ಟನೆ ನಿಂತರೂ ಒಳಗಿನ ಮಿದುಳು ನಿಲ್ಲುವುದಿಲ್ಲ. ಬಡಿದ ಕಡೆಗೊಮ್ಮೆ, ಅದರ ಎದುರು ಬದಿಗೊಮ್ಮೆ ಗೋಡೆಗೆ ಅಪ್ಪಳಿಸುತ್ತದೆ. ಬುರುಡೆಯ ತಳ ನಯವಾಗಿಲ್ಲ. ಹಣೆಯ ಹಿಂದೆ, ಕಣ್ಣುಗುಳಿಯ ಮೇಲೆ ಅಲ್ಲಿನ ಮೂಳೆ ಒರಟು, ಏಣು ಏಣು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದರೂ ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಮಿದುಳಿನ ಭಾಗಗಳು ಜಜ್ಜಿಹೋಗುವುದು ಇದರಿಂದ. ತಲೆ ಗಿರ್ರನೆ ತಿರುಗಿ ಬಿದ್ದರೆ ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳು ಅಲ್ಲಲ್ಲಿ ಎಳೆದು ಹರಿಯುತ್ತವೆ. ಇಂಥ ಸೂಕ್ಷ್ಮ ಹಾನಿ ಎಷ್ಟೋ ಸಲ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಸ್ಕ್ಯಾನಿಂಗ್ ನಾರ್ಮಲ್ ಎಂದರೆ ರಕ್ತ ಹೆಪ್ಪುಗಟ್ಟಿಲ್ಲ, ಆಪರೇಷನ್ ಬೇಕಿಲ್ಲ ಎಂದು ತಿಳಿಯಬೇಕು. ಮಿದುಳಿಗೆ ಏನೂ ಆಗಿಲ್ಲ ಎಂದು ತಿಳಿದುಬಿಡುವುದೇ ನಮ್ಮಲ್ಲಿ ಹೆಚ್ಚು.

ಹಣೆಯ ಹಿಂದಿನ ಈ ಭಾಗ ಮನುಷ್ಯನ ನಡತೆಯನ್ನು ಹಿಡಿದಿಡುವ ಜಾಗ. ಸಿಟ್ಟು ಬಂದರೂ ನುಂಗಿಕೊಳ್ಳುವುದು, ಎದುರಿನವರ ಮುಖ ನೋಡಿ ಮಾತು ತೂಗುವುದು, ನಾಳೆಯ ಕೆಲಸವನ್ನು ಇಂದೇ ಯೋಚಿಸುವುದು, ಬೆಳಿಗ್ಗೆ ಎದ್ದು ಏನಾದರೂ ಮಾಡೋಣ ಎಂಬ ಹುರುಪು ಹುಟ್ಟುವುದು, ಎಲ್ಲಕ್ಕೂ ಈ ಭಾಗ ಬೇಕು. ಕಣ್ಣುಗುಳಿಯ ಮೇಲಿರುವ ಮಿದುಳಿನ ಪದರಕ್ಕೆ ಹಾನಿಯಾದರೆ ಸಿಟ್ಟು, ಲಜ್ಜೆಗೇಡಿತನ, ದುಡುಕು. ಮಿದುಳಿನ ಎರಡೂ ಅರ್ಧಗಳ ನಡುವಿನ ಭಾಗಕ್ಕಾದರೆ ಜಡತ್ವ. ಊರವರು 'ಸೋಮಾರಿ' ಎಂದು ಕರೆಯುವವನು ನಿಜವಾಗಿ ಏಳಬೇಕೆಂಬ ಪ್ರೇರಣೆಯನ್ನೇ ಕಳೆದುಕೊಂಡ ರೋಗಿಯಾಗಿರಬಹುದು. ಇನ್ನೂ ಒಂದು ಸಂಗತಿ ಮನೆಯವರನ್ನು ತುಂಬ ನೋಯಿಸುತ್ತದೆ. ತನ್ನಲ್ಲಿ ಬದಲಾವಣೆ ಆಗಿದೆ ಎಂದು ಅರಿಯುವ ಶಕ್ತಿಯೂ ಕೆಲವೊಮ್ಮೆ ಅದೇ ಪೆಟ್ಟಿನಲ್ಲಿ ಹೋಗಿರುತ್ತದೆ. "ನಂಗೇನಾಗಿದೆ? ನಿಮ್ಗೇ ಮಂಡೆ ಸಮ ಇಲ್ಲ" ಎಂದು ಅವನು ಕೂಗಾಡಿದರೆ ಅದು ಹಟವೆಂದು ತಿಳಿಯಬೇಡಿ.

ಮೂಗಿನ ವಿಷಯವನ್ನೂ ಹೇಳಬೇಕು. ವಾಸನೆಯ ನರಗಳು ಮೂಗಿನ ಮೇಲಿರುವ ಜರಡಿಯಂಥ ತೆಳು ಮೂಳೆಯ ರಂಧ್ರಗಳ ಮೂಲಕ ಮಿದುಳಿಗೆ ಹೋಗುತ್ತವೆ. ಮಿದುಳು ಹಿಂದೆ ಮುಂದೆ ಸರಿದಾಗ ಆ ಸಣ್ಣ ಎಳೆಗಳು ಅಲ್ಲೇ ಕತ್ತರಿಸಿಹೋಗುತ್ತವೆ. ಸುಗ್ಗಿಯ ಕಾಲದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುವಾಗ ಚೊಗರಿನ ವಾಸನೆ ಇಡೀ ಕೇರಿಗೆ ಹಬ್ಬುತ್ತದೆ. ಅಂಥ ಒಲೆಯ ಪಕ್ಕ ಕೂತವನಿಗೆ ಅದು ಬರುವುದಿಲ್ಲ ಎಂದರೆ, ಹಾಲು ಸೀದರೂ ಗ್ಯಾಸ್ ಸೋರಿದರೂ ತಿಳಿಯುವುದಿಲ್ಲ ಎಂದರೆ, ವೈದ್ಯರಿಗೆ ತಪ್ಪದೆ ಹೇಳಬೇಕು. ವಾಸನೆಯ ಎಳೆಗಳು ಹರಿಯುವ ಜಾಗಕ್ಕೆ ತಾಗಿಕೊಂಡೇ ನಡತೆಯನ್ನು ಹತೋಟಿಯಲ್ಲಿಡುವ ಭಾಗ ಇದೆ. ವಾಸನೆ ಹೋದವರಲ್ಲಿ ಸ್ವಭಾವವೂ ಬದಲಾಗಿರುವ ಸಾಧ್ಯತೆ ಹೆಚ್ಚು. ಕಾಫಿ ಪುಡಿಯ ಡಬ್ಬಿಯೊಂದನ್ನು ಮೂಗಿಗೆ ಹಿಡಿದು ನೋಡುವ ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ಮಿದುಳಿನ ಪೆಟ್ಟು ಮನುಷ್ಯನ ಸ್ವಭಾವವನ್ನು ಬದಲಿಸಬಲ್ಲದು ಎಂದು ವೈದ್ಯಲೋಕ ಕಲಿತದ್ದು ಒಬ್ಬ ಕೂಲಿ ಮೇಸ್ತ್ರಿಯಿಂದ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲುದಾರಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿಯ ಕೈಯಲ್ಲಿದ್ದ, ಸುಮಾರು ಮೂರೂವರೆ ಅಡಿ ಉದ್ದದ, ಆರು ಕೆ.ಜಿ. ತೂಕದ ಕಬ್ಬಿಣದ ಸರಳು 1848ರ ಸೆಪ್ಟೆಂಬರ್ 13ರಂದು ಮದ್ದು ಸಿಡಿದು ಅವನ ಎಡಗೆನ್ನೆಯ ಮೂಲಕ ಹೊಕ್ಕು ನೆತ್ತಿಯಲ್ಲಿ ಹೊರಬಿತ್ತು. ಅವನು ಸಾಯಲಿಲ್ಲ. ಮಾತು, ನಡಿಗೆ, ನೆನಪು ಉಳಿದವು. ಆದರೆ ನಾಲ್ಕು ಜನರನ್ನು ಹಿಡಿದು ಕೆಲಸ ತೆಗೆಯುತ್ತಿದ್ದ ಜವಾಬ್ದಾರಿಯ ಮನುಷ್ಯ ಹೊಲಸು ಮಾತಿನವ, ಚಂಚಲ, ಹಟಮಾರಿಯಾದ. ಕಂಪನಿ ಮತ್ತೆ ಮೇಸ್ತ್ರಿ ಕೆಲಸ ಕೊಡಲಿಲ್ಲ. ಚಿಕಿತ್ಸೆ ಮಾಡಿದ ಡಾ. ಜಾನ್ ಹಾರ್ಲೊ ಇಷ್ಟನ್ನೂ ಬರೆದಿಟ್ಟರು. ಪಠ್ಯಗಳಲ್ಲಿ ಈ ಕತೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಮುಂದಿನದು ನಮಗೆ ಹೆಚ್ಚು ಬೇಕಾದದ್ದು. ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಕೆಲವು ವರ್ಷ ಕುದುರೆ ಗಾಡಿ ಓಡಿಸಿದ. ಬೆಳಗಿನ ಜಾವ ಎದ್ದು ಕುದುರೆ ತಯಾರು ಮಾಡುವುದು, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದು, ಗೊತ್ತಿರುವ ದಾರಿಯಲ್ಲಿ ಹೋಗಿ ಬರುವುದು. ಅವನ ಬದುಕನ್ನು ಕೂಲಂಕಷವಾಗಿ ಶೋಧಿಸಿದ ಮಾಲ್ಕಂ ಮ್ಯಾಕ್‌ಮಿಲನ್ ಅವರ ಪ್ರಕಾರ, ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸ ಗೇಜ್‌ನನ್ನು ಬಹುಮಟ್ಟಿಗೆ ಸಮಾಜಕ್ಕೆ ಮರಳಿಸಿತ್ತು. ಅವನು 1860ರಲ್ಲಿ ಅಪಸ್ಮಾರದಿಂದ ತೀರಿಕೊಂಡ. ಮಿದುಳಿನ ಹಳೆಯ ಗಾಯ ವರ್ಷಗಳ ನಂತರವೂ ಫಿಟ್ಸ್ ತರಬಲ್ಲದು ಎಂಬುದಕ್ಕೆ ಅದೂ ಸಾಕ್ಷಿ.

ಸ್ವಭಾವದ ಬದಲಾವಣೆ ಒಂದು ಮುಖವಾದರೆ ಖಿನ್ನತೆ ಇನ್ನೊಂದು. ಅಮೆರಿಕದ ಸಿಯಾಟಲ್‌ನಲ್ಲಿ ಮಿದುಳಿಗೆ ಪೆಟ್ಟಾಗಿ ಆಸ್ಪತ್ರೆಗೆ ಸೇರಿದ್ದ 559 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆ ಒಂದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಶೇ 53ರಷ್ಟು, ತೀವ್ರ ಖಿನ್ನತೆಗೆ ಒಳಗಾಗಿದ್ದರು. ಅವರಲ್ಲಿ ಚಿಕಿತ್ಸೆ ಸಿಕ್ಕಿದ್ದು ಅರ್ಧದಷ್ಟು ಜನಕ್ಕೂ ಇಲ್ಲ. ಅಷ್ಟು ಸೌಕರ್ಯವಿರುವ ಊರಿನ ಕತೆ ಇದು. ಡೆನ್ಮಾರ್ಕಿನ ಇಡೀ ದೇಶದ ದಾಖಲೆ ನೋಡಿ 2018ರಲ್ಲಿ ಬರೆದವರು, ತಲೆಗೆ ಪೆಟ್ಟಾದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು, ಅದರಲ್ಲೂ ಮೊದಲ ಆರು ತಿಂಗಳು ಹೆಚ್ಚು ಎಂದು ಕಂಡುಕೊಂಡರು. ಊರವರೆಲ್ಲ ನೋಡಲು ಬರುವುದು ನಿಂತು, ಕೆಲಸ ಇನ್ನೂ ಸಿಗದೆ, ಸಾಲ ಕಣ್ಣೆದುರು ನಿಲ್ಲುವುದು ಸರಿಯಾಗಿ ಆ ಆರು ತಿಂಗಳಲ್ಲೇ. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಾಯಿಗೆ ಬಂದರೆ ಅದನ್ನು ಗದರಿಸಿ ತಳ್ಳಿಹಾಕದೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆಗೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಖರ್ಚಿಲ್ಲ.

ಖಿನ್ನತೆ ಎಂದು ಕಾಣುವುದೆಲ್ಲ ಖಿನ್ನತೆಯೇ ಆಗಿರಬೇಕಿಲ್ಲ ಎಂಬುದೂ ಗೊತ್ತಿರಬೇಕು. ಪೆಟ್ಟಿನಿಂದ ಪಿಟ್ಯುಟರಿ ಗ್ರಂಥಿಗೆ ಹಾನಿಯಾಗಿ ಹಾರ್ಮೋನು ಕಡಿಮೆಯಾದರೂ ಸುಸ್ತು, ನಿರಾಸೆ ಬರುತ್ತವೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಫಿಟ್ಸ್ ಬಾರದಿರಲೆಂದು ಕೊಡುವ ಲೆವೆಟಿರಾಸಿಟಮ್ ಮಾತ್ರೆಯೇ ಕೆಲವರಲ್ಲಿ ಸಿಡಿಮಿಡಿ ತರುತ್ತದೆ. ಹಾಗೆಂದು ಮನೆಯವರೇ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಬಂದು ಅನಾಹುತವಾಗುತ್ತದೆ. ವೈದ್ಯರಿಗೆ ಹೇಳಿದರೆ ಬದಲಿಸಲು ಬೇರೆ ಮಾತ್ರೆಗಳಿವೆ.

ಮನೆಯ ಹಿರಿಯರ ವಿಷಯ ಬೇರೆಯೇ. ಎಪ್ಪತ್ತು ದಾಟಿದ ಅಜ್ಜ ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಳ್ಳುತ್ತಾರೆ. ಬುಗುಟು ಬರುತ್ತದೆ, ಎಣ್ಣೆ ಹಚ್ಚಿದ ಮೇಲೆ ಎಲ್ಲರೂ ಮರೆಯುತ್ತಾರೆ. ಮೂರು–ನಾಲ್ಕು ವಾರ ಕಳೆದು ಅವರಿಗೆ ಹಗಲೆಲ್ಲ ನಿದ್ದೆ, ಮಾತಿನಲ್ಲಿ ಗೊಂದಲ, ನಡಿಗೆಯಲ್ಲಿ ಓಲಾಟ. ವಯಸ್ಸಾಯಿತು, ಅರಳು ಮರಳು ಎಂದುಬಿಡುತ್ತೇವೆ. ವಯಸ್ಸಾದವರ ಮಿದುಳು ಸ್ವಲ್ಪ ಕುಗ್ಗಿ, ಅದಕ್ಕೂ ಬುರುಡೆಗೂ ನಡುವಿನ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ನಾಳ ಹರಿದು, ರಕ್ತ ನಿಧಾನವಾಗಿ ಜಿನುಗಿ ಸೇರುತ್ತಾ ವಾರಗಳ ನಂತರ ಮಿದುಳನ್ನು ಒತ್ತುತ್ತದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ, ಕುಡಿತದ ಅಭ್ಯಾಸ ಇರುವವರಲ್ಲಿ ಇದು ಹೆಚ್ಚು. ಬುರುಡೆಗೆ ಸಣ್ಣ ರಂಧ್ರ ಕೊರೆದು ಆ ರಕ್ತ ಹೊರಗೆ ಬಿಟ್ಟರೆ ಎಷ್ಟೋ ಹಿರಿಯರು ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ. ಅರಳು ಮರಳು ಎಂದು ಮೂಲೆಗೆ ಕೂರಿಸುವ ಮೊದಲು "ಇತ್ತೀಚೆಗೆ ಬಿದ್ದಿದ್ರಾ?" ಎಂದು ಕೇಳಿಕೊಳ್ಳುವುದು ದೊಡ್ಡ ಉಪಕಾರ.

ನಮ್ಮಲ್ಲಿ ತಲೆಪೆಟ್ಟಿನ ನಂತರ ಸ್ವಭಾವ ಬದಲಾದವರ ಮನೆಯವರು ಮೊದಲು ಹೋಗುವುದು ನಿಮಿತ್ತ ಕೇಳಲು, ಚೌಡಿಗೆ ಹರಕೆ ಹೊರಲು. ಬಿದ್ದ ಜಾಗದಲ್ಲಿ ಏನೋ ಮೆಟ್ಟಿದ ಎಂಬ ಮಾತು ಬಂದೇ ಬರುತ್ತದೆ. ಹರಕೆಯನ್ನು ನಾನು ಹಳಿಯುವುದಿಲ್ಲ. ಅದು ಮನೆಯವರಿಗೆ ಧೈರ್ಯ ಕೊಡುತ್ತದೆ. ಆದರೆ ಹರಕೆಯ ಜೊತೆ ಆಸ್ಪತ್ರೆಯೂ ಇರಲಿ. ನಿಜವಾಗಿ ಹಾಳು ಮಾಡುವುದು ಇನ್ನೊಂದು ತೀರ್ಮಾನ: ಆಸ್ಪತ್ರೆಯಲ್ಲಿ ಕೂತು ಉಂಡು ಸೊಕ್ಕು ಬಂತು, ಕುಡಿತ ಹೆಚ್ಚಾಯ್ತು, ಹೆಂಡತಿ ಸದರ ಕೊಟ್ಟಳು. ಕುಡಿತದ ಮಾತು ಪೂರ್ತಿ ಸುಳ್ಳೂ ಅಲ್ಲ. ನಿದ್ದೆ ಬರುವುದಿಲ್ಲ, ತಲೆ ಸಿಡಿಯುತ್ತದೆ ಎಂದು ಹೆಂಡಕ್ಕೆ ಕೈ ಹಾಕುವವರಿದ್ದಾರೆ. ಪೆಟ್ಟು ತಿಂದ ಮಿದುಳಿಗೆ ಮೊದಲಿಗಿಂತ ಕಡಿಮೆ ಕುಡಿದರೂ ಏರುತ್ತದೆ, ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ, ಮತ್ತೆ ಬೀಳುತ್ತಾರೆ.

ಚಿಕಿತ್ಸೆ ಇದೆಯೇ? ಇದೆ, ನಿಧಾನ. ಮೊದಲ ಒಂದೆರಡು ವರ್ಷ ಚೇತರಿಕೆ ಹೆಚ್ಚು, ಆಮೇಲೂ ನಿಲ್ಲುವುದಿಲ್ಲ. ಸಿಟ್ಟಿಗೆ, ಖಿನ್ನತೆಗೆ, ನಿದ್ದೆಗೆ ಔಷಧಿಗಳಿವೆ. ಗಮನ, ನೆನಪುಗಳನ್ನು ಮತ್ತೆ ಪಳಗಿಸುವ ಕೆಲಸವನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮನಶ್ಶಾಸ್ತ್ರ ವಿಭಾಗ ಬಹಳ ಕಾಲದಿಂದ ಮಾಡುತ್ತಿದೆ. ಶೋಭಿನಿ ರಾವ್, ಜಮುನಾ ರಾಜೇಶ್ವರನ್ ಅವರಂಥ ತಜ್ಞರು ನಮ್ಮ ಜನಕ್ಕೆ ಹೊಂದುವ ಪರೀಕ್ಷೆ, ಅಭ್ಯಾಸಗಳನ್ನು ರೂಪಿಸಿದರು. ಅದರಲ್ಲಿ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಬೆರೆಸಿಟ್ಟ ಕಾಳುಗಳನ್ನು ಬೇರೆ ಬೇರೆ ಮಾಡುವುದು. ಕಾಗದದ ಮೇಲಿನ ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು ಇನ್ನೊಂದು. ದಿನಕ್ಕೆ ಸ್ವಲ್ಪ ಹೊತ್ತು, ಸಮಯ ಗುರುತು ಹಾಕಿಕೊಂಡು, ನಿಧಾನವಾಗಿ ಕಷ್ಟ ಹೆಚ್ಚಿಸುತ್ತಾ ಮಾಡಿದರೆ ಗಮನ ನಿಲ್ಲತೊಡಗುತ್ತದೆ. ಮಲೆನಾಡಿನ ಅಂಗಳದಲ್ಲಿ ಇದಕ್ಕೆ ಬೇರೆ ಸಾಮಗ್ರಿ ಹುಡುಕಬೇಕಾಗಿಲ್ಲ. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಆರಿಸುವ ಕೆಲಸ ಬೇರೇನು? ತಜ್ಞರು ಹೇಳಿಕೊಟ್ಟ ಅಭ್ಯಾಸದ ಜೊತೆಗೆ ಅದನ್ನೂ ಕೊಡಿ. ಒಂದು ಸಲಕ್ಕೆ ಒಂದೇ ಕೆಲಸ, ಟಿ.ವಿ. ಬಂದ್ ಮಾಡಿ, ಸುತ್ತ ಹತ್ತು ಜನ ಮಾತಾಡದ ಹೊತ್ತಿನಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಕೆಲಸ ಬರೆಯಲಿ, ಮುಗಿದದ್ದಕ್ಕೆ ಗೀಟು ಹಾಕಲಿ. ಮಧ್ಯಾಹ್ನ ಊಟದ ಮೇಲೆ ಕಡ್ಡಾಯವಾಗಿ ಮಲಗಲಿ. ದಣಿದ ಮಿದುಳಿಗೆ ಸಿಟ್ಟು ಬೇಗ ಬರುತ್ತದೆ, ಸಂಜೆಯ ಜಗಳಗಳಲ್ಲಿ ಎಷ್ಟೋ ಹಗಲಿನ ದಣಿವಿನಿಂದಲೇ ಹುಟ್ಟುವುದು.

ಮತ್ತೆ ಮರ ಹತ್ತಬೇಕೇ ಎಂಬ ಪ್ರಶ್ನೆ ದೊಡ್ಡದು. ಹತ್ತುವ ಕೂಲಿ ಹೆಚ್ಚು, ಬೇರೆ ಕೆಲಸಕ್ಕೆ ಅಷ್ಟು ಸಿಗುವುದಿಲ್ಲ. ವೈದ್ಯರು ಸರಿ ಎನ್ನುವವರೆಗೆ ಮರ, ಬೈಕು, ಕಳೆ ಕೊಚ್ಚುವ ಯಂತ್ರ ಮೂರೂ ಬೇಡ. ಒಂದರ ಮೇಲೊಂದು ಬೀಳುವ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಹೆಚ್ಚು ಕೆಡಿಸುತ್ತದೆ. ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಈಗ ಅನೇಕ ತೋಟಗಳಿಗೆ ಬಂದಿದೆ. ಬಿದ್ದು ಎದ್ದವನಿಗೂ, ಇನ್ನೂ ಬೀಳದವನಿಗೂ ಅದು ಒಳ್ಳೆಯದು. ತೋಟದ ಯಜಮಾನರು ಬಿದ್ದವನ ಆಸ್ಪತ್ರೆ ಬಿಲ್ಲಿಗೆ ಒಂದಿಷ್ಟು ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, ಆರು ತಿಂಗಳ ನಂತರ ಕರೆದು ನೆಲದ ಮೇಲಿನ ಕೆಲಸ ಕೊಟ್ಟರೆ ಅದೇ ಚಿಕಿತ್ಸೆಯ ಭಾಗ. ಗೇಜ್‌ಗೆ ಕುದುರೆ ಗಾಡಿ ಮಾಡಿದ ಉಪಕಾರ ಅದು.

ಕಾನೂನಿನ ಕಣ್ಣಿಗೆ ಈ ಗಾಯ ಇನ್ನೂ ಸರಿಯಾಗಿ ಬಿದ್ದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಿದುಳಿನ ಪೆಟ್ಟು ಎಂಬ ಹೆಸರು ಅದರಲ್ಲಿಲ್ಲ. ಕೈಕಾಲು ಸರಿಯಿದ್ದು ಸ್ವಭಾವ, ನೆನಪು ಕೆಟ್ಟವರು ಮಾನಸಿಕ ಅನಾರೋಗ್ಯದಂಥ ಬೇರೆ ತಲೆಬರಹದಡಿ ಸರ್ಟಿಫಿಕೇಟು ಕೇಳಬೇಕು. 'ಹುಚ್ಚು' ಎಂಬ ಹಣೆಪಟ್ಟಿಗೆ ಹೆದರಿ ಎಷ್ಟೋ ಮನೆಯವರು ಕೇಳುವುದೇ ಇಲ್ಲ. ರಸ್ತೆ ಅಪಘಾತದ ಪರಿಹಾರದಲ್ಲಿ ಮಾತ್ರ ಒಂದು ಬೆಳಕಿದೆ. ಹರಿಯಾಣದಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ತಲೆಗೆ ತೀವ್ರ ಪೆಟ್ಟಾಗಿ ಜೀವನವಿಡೀ ಇನ್ನೊಬ್ಬರನ್ನು ಅವಲಂಬಿಸಬೇಕಾದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಪರಿಹಾರವನ್ನು ಸುಮಾರು 62 ಲಕ್ಷ ರೂಪಾಯಿಗೆ ಏರಿಸಿತು. ಅದರಲ್ಲಿ ನೋಡಿಕೊಳ್ಳುವವರ ಕೂಲಿಯನ್ನೂ ತಿಂಗಳ ಲೆಕ್ಕದಲ್ಲಿ ಸೇರಿಸಿತು. ಆರೈಕೆ ಮಾಡುವ ತಾಯಿಯ, ಹೆಂಡತಿಯ ದುಡಿಮೆಗೂ ಬೆಲೆ ಇದೆ ಎಂದು ಲೆಕ್ಕ ಹಾಕಿ ತೋರಿಸಿದ ತೀರ್ಪು ಅದು. ಅಡಿಕೆ ಮರದಿಂದ ಬಿದ್ದವನ ಹೆಂಡತಿಗೆ ರಸ್ತೆ ಅಪಘಾತದವರಿಗೆ ಇರುವಂಥ ನ್ಯಾಯಮಂಡಳಿ ಇಲ್ಲ.

ಆದರೂ ಅವಳು ಮಾಡಬಹುದಾದವು, ಮಾಡಬೇಕಾದವು ಕೆಲವಿವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಡಿಸ್ಚಾರ್ಜ್ ಚೀಟಿ ಹಿಡಿದು "ಸ್ವಭಾವ, ನೆನಪು, ನಿದ್ದೆಯಲ್ಲಿ ಏನಾದ್ರೂ ಬದಲಾದ್ರೆ ಯಾರ ಹತ್ರ ಬರ್ಬೇಕು?" ಎಂದು ಕೇಳಬೇಕು, ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಕಂಡದ್ದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಬೇಕು: ಯಾವ ದಿನ ಸಿಟ್ಟು, ಎಷ್ಟು ಹೊತ್ತು ನಿದ್ದೆ, ಯಾವ ಮಾತ್ರೆ ಶುರುವಾದ ಮೇಲೆ ಏನಾಯಿತು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಕೂರುತ್ತಾರೆ. ಹೋಗುವ ಮೊದಲು ಆ ವಾರ ಬರುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿಕೊಂಡರೆ ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಉಳಿಯುತ್ತದೆ. ಒಳಗೆ ಹೋಗುವಾಗ ರೋಗಿಯನ್ನಷ್ಟೇ ಕಳಿಸಿ ಬಾಗಿಲಲ್ಲಿ ನಿಲ್ಲಬಾರದು. ಹತ್ತು ನಿಮಿಷ ಅವನು ಚೆನ್ನಾಗಿಯೇ ಮಾತಾಡುತ್ತಾನೆ, ಎಲ್ಲ ಸರಿ ಇದೆ ಎನ್ನುತ್ತಾನೆ. ತಲೆಗೆ ಪೆಟ್ಟು ಬಿದ್ದ ತಾರೀಖನ್ನು ಮೊದಲು ಹೇಳಿ, ನೋಟ್‌ಬುಕ್ಕು ಮೇಜಿನ ಮೇಲಿಟ್ಟು, ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂದು ಅವಳೇ ಹೇಳಬೇಕು.